ಸೇತುವೆ ಕಟ್ಟಿದವರ ಛಾಯಾಚಿತ್ರಗಳು

(ಶತಮಾನೋತ್ಸವದ ಅಂಗವಾಗಿ ಶಾಲೆಯ ಸಭಾಭವನದಲ್ಲಿ ಏರ್ಪಡಿಸಿದ್ದ ಹಳೆಯ ಛಾಯಾಚಿತ್ರಗಳ ಪ್ರದರ್ಶನದ ಉದ್ಘಾಟನಾ ಸಮಾರಂಭದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಈ ಪ್ರದರ್ಶನದ ಸಂದರ್ಭದಲ್ಲಿ ಛಾಯಾಚಿತ್ರಗಳ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಉತ್ಸವ ಸಮಿತಿಯವರು ಅಪ್ಪಣೆ ಮಾಡಿದರು. ನಾವು ಆರಿಸಿಕೊಂಡ ವಿಷಯ ಹತ್ತೊಂಬತ್ತನೆಯ ಶತಮಾನದ ಸೇತುವೆಗಳು ಮತ್ತು ಅವುಗಳನ್ನು ಕಟ್ಟುವಾಗ ತೆಗೆದ ಚಿತ್ರಗಳು. ಗಡಿನಾಡಿನ ಕನ್ನಡ ಶಾಲೆಯ ಹಬ್ಬದಲ್ಲಿ ಸ್ಕಾಟ್ಲೆಂಡಿನ ಸೇತುವೆಗೆ ಏನು ಕೆಲಸವೆಂದು ತಮಗೆ ಅನ್ನಿಸಬಹುದು. ಅದಕ್ಕೆ ಕಾರಣರು ನಮ್ಮ ಎಂಟನೆಯ ತರಗತಿಯ ಮಕ್ಕಳು. ಗ್ರಂಥಾಲಯದಲ್ಲಿ ಹಳೆಯ ಸೇತುವೆಯೊಂದರ ಚಿತ್ರವನ್ನು ನೋಡುತ್ತ ಒಬ್ಬ ಹುಡುಗಿ ಕೇಳಿದಳು: “ಬಾಯಿಯವರೇ, ಹೊಳೆಯ ನೀರು ಹೆಪ್ಪುಗಟ್ಟಿದ ಮೊಸರಿನ ಹಾಗೆ ಏಕೆ ಕಾಣುತ್ತದೆ? ಇಷ್ಟು ದೊಡ್ಡ ಸೇತುವೆಯ ಮೇಲೆ ಒಬ್ಬರೂ ಏಕೆ ಇಲ್ಲ?” ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಆ ಉತ್ತರವನ್ನು ಹೇಳಲು ಒಂದು ತರಗತಿಯ ಅವಧಿ ಸಾಲಲಿಲ್ಲವಾದ್ದರಿಂದ ಈ ಸಭೆಯ ಸಮಯವನ್ನೂ ಸ್ವಲ್ಪ ಬಳಸಿಕೊಳ್ಳುತ್ತಿದ್ದೇವೆ.

ಫ್ರಾನ್ಸಿನ ಡಾಗೇರ್ ಎಂಬವರು ಕಂಡುಹಿಡಿದ ವಿಧಾನವನ್ನು 1839ರಲ್ಲಿ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ತಿಳಿಸಲಾಯಿತು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಬೆಳಕೇ ಚಿತ್ರ ಬರೆಯುವ ವಿಧಾನ ಅದು. ಅದಕ್ಕೆ ಒಂದು ವರ್ಷ ಮೊದಲು ಅವರು ತಮ್ಮ ಕಿಟಕಿಯಿಂದ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದಿದ್ದರು. ಹಗಲು ಹೊತ್ತು, ಗಾಡಿಗಳೂ ಜನರೂ ತುಂಬಿ ಹರಿಯುವ ಬೀದಿ. ಆದರೆ ಚಿತ್ರದಲ್ಲಿ ಬೀದಿ ಬಿಕೋ ಎನ್ನುತ್ತದೆ. ತಗಡಿನ ಮೇಲೆ ಬೆಳಕು ಮೂಡಲು ಹಲವು ನಿಮಿಷಗಳು ಬೇಕಾಗಿದ್ದವು. ನಡೆಯುತ್ತಿದ್ದವರು, ಓಡುತ್ತಿದ್ದ ಕುದುರೆಗಳು ಒಂದೆಡೆ ನಿಲ್ಲಲಿಲ್ಲವಾದ್ದರಿಂದ ತಗಡು ಅವರನ್ನು ಕಾಣಲೇ ಇಲ್ಲ. ಬೀದಿಯ ಮೂಲೆಯಲ್ಲಿ ಒಬ್ಬ ಮನುಷ್ಯ ಮಾತ್ರ ಬೂಟು ಪಾಲೀಶು ಮಾಡಿಸಿಕೊಳ್ಳುತ್ತ ಕಾಲು ಚಾಚಿ ನಿಂತಿದ್ದ. ಛಾಯಾಚಿತ್ರದಲ್ಲಿ ಸಿಕ್ಕಿಬಿದ್ದ ಮೊದಲ ಮನುಷ್ಯರಲ್ಲಿ ಆತನೊಬ್ಬನೆಂದು ಹೇಳುತ್ತಾರೆ. ಅವನ ಮುಂದೆ ಕುಳಿತು ಬೂಟು ಉಜ್ಜುತ್ತಿದ್ದವನ ಆಕಾರ ಮಾತ್ರ ಮಸುಕು ಮಸುಕಾಗಿದೆ, ಏಕೆಂದರೆ ಅವನ ಕೈ ಆಡುತ್ತಿತ್ತು. ಕೆಲಸ ಮಾಡಿಸಿಕೊಂಡವನು ಉಳಿದ, ಕೆಲಸ ಮಾಡಿದವನು ಕಲಸಿಹೋದ. ಮಕ್ಕಳೇ, ಈ ಒಂದು ಚಿತ್ರವನ್ನು ನೆನಪಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಡಾಗೇರರ ತಗಡಿನಿಂದ ಎರಡನೆಯ ಪ್ರತಿ ತೆಗೆಯಲು ಬರುತ್ತಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆ ತಲೆಕೆಳಗಾದ ಚಿತ್ರ, ಅಂದರೆ ನೆಗೆಟಿವ್, ಮೂಡಿಸಿ ಅದರಿಂದ ಎಷ್ಟಾದರೂ ಪ್ರತಿ ತೆಗೆಯುವ ದಾರಿ ತೋರಿಸಿದರು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬ ಶಿಲ್ಪಿ ಕಾಗದದ ಬದಲು ಗಾಜನ್ನು ಬಳಸಿದರು. ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟ ಆ ಪುಣ್ಯಾತ್ಮ 1857ರಲ್ಲಿ ಬಡತನದಲ್ಲೇ ತೀರಿಕೊಂಡರು. ಮುಂದಿನ ಮೂವತ್ತು ವರ್ಷಗಳ ಸೇತುವೆ, ರೈಲು, ಕಾರ್ಖಾನೆಗಳ ಚಿತ್ರಗಳು ಬಹುತೇಕ ಆರ್ಚರರ ಗಾಜಿನ ಮೇಲೆಯೇ ಮೂಡಿದವು.

ಆ ಗಾಜಿನ ಕೆಲಸ ಎಷ್ಟು ಕಷ್ಟದ್ದೆಂಬುದನ್ನು ತಾವು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಇಂದು ಸಭೆಯಲ್ಲಿರುವ ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ. ಈ ಮಾತು ಮುಗಿಯುವಷ್ಟರಲ್ಲಿ ನಮ್ಮದೇ ಹತ್ತಾರು ಚಿತ್ರಗಳು ಬೇರೆ ಬೇರೆ ಊರುಗಳನ್ನು ತಲುಪಿರುತ್ತವೆ. ಆಗಿನ ಛಾಯಾಗ್ರಾಹಕ ಕಟ್ಟೋಣದ ಸ್ಥಳಕ್ಕೆ ಹೊರಟರೆ ಒಂದು ಸಂಸಾರವೇ ಹೊರಟಂತೆ. ಮರದ ದೊಡ್ಡ ಕ್ಯಾಮೆರಾ, ಮೂರು ಕಾಲಿನ ನಿಲುವು, ಗಾಜಿನ ಹಲಗೆಗಳ ಪೆಟ್ಟಿಗೆ, ಔಷಧಿ ಬಾಟಲಿಗಳು, ನೀರಿನ ಕೊಡ, ಜೊತೆಗೆ ಕತ್ತಲೆಯ ಡೇರೆ. ಕೊಲೋಡಿಯನ್ ಎಂಬ ಅಂಟುದ್ರವವನ್ನು ಗಾಜಿನ ಮೇಲೆ ಸುರಿದು, ದೋಸೆಯ ಹಿಟ್ಟು ಹರಡಿದಂತೆ ನಾಲ್ಕೂ ಮೂಲೆಗೆ ಸಮನಾಗಿ ಹರಡಬೇಕು. ಡೇರೆಯೊಳಗೆ ಹೋಗಿ ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಹಸಿಯಿರುವಾಗಲೇ ಕ್ಯಾಮೆರಾದೊಳಗೆ ಇಟ್ಟು, ಬೆಳಕು ಕೊಟ್ಟು, ಒಣಗುವ ಮೊದಲೇ ಮತ್ತೆ ಡೇರೆಗೆ ಓಡಿ ಚಿತ್ರವನ್ನು ತೊಳೆದು ಎಬ್ಬಿಸಬೇಕು. ಎಲ್ಲ ಕೆಲಸವೂ ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯಬೇಕು. ಬಿಸಿಲು ಹೆಚ್ಚಿದರೆ ಅಷ್ಟು ಹೊತ್ತೂ ಸಿಗುವುದಿಲ್ಲ. ಒಂದು ಧೂಳಿನ ಕಣ ಬಿದ್ದರೆ ಶ್ರಮವೆಲ್ಲ ನೀರುಪಾಲು. ಸೇತುವೆ ಕಟ್ಟುವ ಸ್ಥಳದಲ್ಲಿ ಧೂಳಿಗೆ ಏನು ಬರಗಾಲ? ಇಷ್ಟಾದ ಮೇಲೆ ಪ್ರತಿ ತೆಗೆಯುವ ಕಾಗದಕ್ಕೆ ಕೋಳಿಮೊಟ್ಟೆಯ ಬಿಳಿಯ ಲೋಳೆಯನ್ನು ಸವರುತ್ತಿದ್ದರು. ಹಳೆಯ ಚಿತ್ರಗಳಿಗಿರುವ ಆ ಕಂದುಬಣ್ಣದ ಮಿರುಗು ಮೊಟ್ಟೆಯದು.

ಈ ಗಾಜು ಡಾಗೇರರ ತಗಡಿಗಿಂತ ಚುರುಕಾಗಿತ್ತು. ಆದರೂ ಕಟ್ಟೋಣದ ವಿಶಾಲವಾದ ನೋಟಕ್ಕೆ ಹಲವು ಸೆಕೆಂಡುಗಳ ಬೆಳಕು ಬೇಕು. ಅಷ್ಟರಲ್ಲಿ ಹೊಳೆಯ ಸಾವಿರ ಅಲೆಗಳು ಒಂದರ ಮೇಲೊಂದು ಬಿದ್ದು ಮೊಸರಾಗುತ್ತವೆ. ಕಲ್ಲು ಹೊತ್ತು ನಡೆಯುವವರು ಹೊಗೆಯಾಗುತ್ತಾರೆ, ಇಲ್ಲವೇ ಪೂರ್ತಿ ಮಾಯವಾಗುತ್ತಾರೆ. ಕಲ್ಲು, ಕಬ್ಬಿಣ, ಮರದ ಅಟ್ಟಣಿಗೆ, ಕೈಕಟ್ಟಿ ನಿಂತ ಮೇಲಧಿಕಾರಿ, ಇವು ಮಾತ್ರ ಸ್ಪಷ್ಟ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇದು. ಸೇತುವೆಯ ಮೇಲೆ ಜನರಿದ್ದರು, ದುಡಿಯುತ್ತಿದ್ದುದರಿಂದಲೇ ಕಾಣಿಸುತ್ತಿಲ್ಲ.

ಇಷ್ಟು ಕಷ್ಟಪಟ್ಟು ಕಬ್ಬಿಣದ ಕೆಲಸದ ಚಿತ್ರ ತೆಗೆಸಿದವರು ಯಾರು? ಹಣ ಕೊಟ್ಟವರು ಯಾರು? ಯಾವ ಹಳೆಯ ಚಿತ್ರವನ್ನು ನೋಡುವಾಗಲೂ ಮಕ್ಕಳು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನಾವು ತರಗತಿಯಲ್ಲಿ ಹೇಳುತ್ತಿರುತ್ತೇವೆ. ಅರಸರಿಗೂ ಕಂಪನಿಗಳ ಪಾಲುದಾರರಿಗೂ ತಮ್ಮ ಹಣ ಎಲ್ಲಿಯವರೆಗೆ ಬಂದು ನಿಂತಿದೆಯೆಂದು ತಿಳಿಯಬೇಕಾಗಿತ್ತು. ಕೆಲಸದ ಸ್ಥಳವೋ ನೂರಾರು, ಸಾವಿರಾರು ಮೈಲಿ ದೂರ. ಎಂಜಿನಿಯರನ ವರದಿಯಲ್ಲಿ ಬರೆದ ಮಾತಿಗಿಂತ ಚಿತ್ರಕ್ಕೆ ನಂಬಿಕೆ ಹೆಚ್ಚು.

ಇದನ್ನು ಬಹಳ ಬೇಗ ಅರಿತವರಲ್ಲಿ ಚಾರ್ಲ್ಸ್ ವಿಗ್ನೋಲ್ಸ್ ಒಬ್ಬರು. ರಷ್ಯದ ಚಕ್ರವರ್ತಿ ಒಂದನೆಯ ನಿಕೋಲಸನಿಗಾಗಿ ಅವರು ಕೀವ್ ನಗರದಲ್ಲಿ ನೀಪರ್ ನದಿಗೆ ಸರಪಳಿಗಳಿಂದ ತೂಗುವ ಸೇತುವೆಯನ್ನು ಕಟ್ಟುತ್ತಿದ್ದರು. ಕಬ್ಬಿಣದ ಭಾಗಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗಿ, ಹಡಗಿನಲ್ಲಿ ಒಡೆಸ್ಸಾ ಬಂದರಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಗಳ ಮೇಲೆ ಕೀವ್ ಸೇರುತ್ತಿದ್ದವು. ಉಗಿಯಂತ್ರದ ಕಾಲದ ಮಹಾಸೇತುವೆಯೊಂದು ಕೊನೆಗೆ ಎತ್ತುಗಳ ಹೆಗಲ ಮೇಲೆ ಬಂದಿತೆಂಬುದು ರೈತರ ಮಕ್ಕಳಾದ ನಮಗೆ ಖುಷಿ ಕೊಡುವ ಸಂಗತಿ. ವಿಗ್ನೋಲ್ಸ್ ಅವರು ಜಾನ್ ಕುಕ್ ಬೋರ್ನ್ ಎಂಬ ಚಿತ್ರಕಾರರಿಂದಲೂ, 1852ರಲ್ಲಿ ರೋಜರ್ ಫೆಂಟನ್ ಅವರಿಂದಲೂ ಈ ಕಟ್ಟೋಣದ ಛಾಯಾಚಿತ್ರಗಳನ್ನು ತೆಗೆಸಿದರು. ಫೆಂಟನ್ ಮುಂದೆ ಕ್ರಿಮಿಯಾ ಯುದ್ಧದ ಚಿತ್ರಗಳಿಂದ ಹೆಸರಾದವರು. ಸೇತುವೆ 1853ರಲ್ಲಿ ಮುಗಿಯಿತು. 1920ರಲ್ಲಿ ಹಿಮ್ಮೆಟ್ಟುತ್ತಿದ್ದ ಪೋಲೆಂಡಿನ ಸೈನ್ಯ ಅದನ್ನು ಸಿಡಿಸಿ ಕೆಡವಿತು. ಸುಣ್ಣ, ಕಲ್ಲು, ಸರಪಳಿಗಳಿಂದ ಗಟ್ಟಿಯಾಗಿ ಕಟ್ಟಿದ್ದು ಹೋಯಿತು. ಬೆಳಕು, ಉಪ್ಪು, ಬೆಳ್ಳಿಗಳಿಂದ ಕಾಗದದ ಮೇಲೆ ಮೂಡಿದ್ದು ಉಳಿಯಿತು.

ಲಂಡನ್ನಿನ ಸಿಡ್ನಮ್ ಎಂಬಲ್ಲಿ ಗಾಜಿನ ಅರಮನೆಯನ್ನು ಮತ್ತೆ ಎಬ್ಬಿಸುವಾಗ ಫಿಲಿಪ್ ಹೆನ್ರಿ ಡೆಲಮೋಟ್ ಅವರು ಕೆಲಸದ ಹಂತ ಹಂತವನ್ನೂ ಸೆರೆಹಿಡಿದು 1855ರಲ್ಲಿ 160 ಚಿತ್ರಗಳ ಎರಡು ಸಂಪುಟಗಳನ್ನು ಪ್ರಕಟಿಸಿದರು. ಆ ವಿಷಯವನ್ನು ಇಷ್ಟಕ್ಕೆ ಬಿಡುತ್ತೇವೆ, ಏಕೆಂದರೆ ಹೇಳಲೇಬೇಕಾದ ಇನ್ನೊಂದು ಕಥೆಯಿದೆ. ಅದರಲ್ಲಿ ಛಾಯಾಚಿತ್ರ ಜಂಬದ ವಸ್ತುವಾಗಿ ಉಳಿಯದೆ ನ್ಯಾಯಾಸ್ಥಾನದಲ್ಲಿ ಸಾಕ್ಷಿ ನುಡಿಯಿತು.

ಸ್ಕಾಟ್ಲೆಂಡಿನ ಡಂಡಿ ನಗರದ ಬಳಿ ಟೇ ನದಿ ಸಮುದ್ರ ಸೇರುವಲ್ಲಿ ಮೂರು ಕಿಲೋಮೀಟರಿಗೂ ಉದ್ದವಾದ ರೈಲುಸೇತುವೆಯೊಂದು 1878ರಲ್ಲಿ ತೆರೆಯಿತು. ಕಟ್ಟಿಸಿದವರು ಥಾಮಸ್ ಬೌಚ್. ಮರುವರ್ಷ ವಿಕ್ಟೋರಿಯಾ ರಾಣಿ ಅದರ ಮೇಲೆ ಪ್ರಯಾಣ ಮಾಡಿದಳು, ಬೌಚ್ ಅವರಿಗೆ ಸರ್ ಪದವಿ ಬಂದಿತು. ಅದೇ ವರ್ಷ, 1879ರ ಡಿಸೆಂಬರ್ 28ರ ಭಾನುವಾರ ರಾತ್ರಿ ಬಿರುಗಾಳಿ ಎದ್ದಿತು. ಗಾಡಿಯೊಂದು ಸೇತುವೆಯ ಮೇಲಿದ್ದಾಗಲೇ ನಡುವಿನ ಎತ್ತರದ ಹದಿಮೂರು ಹಾರುಗಳೂ ಕುಸಿದು ಗಾಡಿಸಮೇತ ನೀರಿಗೆ ಬಿದ್ದವು. ಗಾಡಿಯಲ್ಲಿದ್ದವರಲ್ಲಿ ಒಬ್ಬರೂ ಬದುಕಲಿಲ್ಲ. ಸತ್ತವರು 75 ಎಂದು ಬಹುಕಾಲ ಹೇಳುತ್ತಿದ್ದರು. ಹೆಸರು ಸಮೇತ ಖಚಿತವಾದವರು 59 ಮಂದಿ.

ವಿಚಾರಣಾ ನ್ಯಾಯಾಲಯವು ಡಂಡಿಯ ವ್ಯಾಲೆಂಟೈನ್ ಛಾಯಾಚಿತ್ರ ಸಂಸ್ಥೆಯಿಂದ ಉರುಳಿದ ಕಂಬಗಳ, ತುಂಡಾದ ಕಬ್ಬಿಣದ ಚಿತ್ರಗಳನ್ನು ಒಂದೊಂದಾಗಿ ತೆಗೆಸಿತು. ಅವು ಚೆಂದಕ್ಕಾಗಿ ತೆಗೆದವುಗಳಲ್ಲ. ದೊಡ್ಡ ಗಾಜಿನ ಹಲಗೆಯಿಂದ ಮೂಡಿದವಾದ್ದರಿಂದ ಭೂತಗನ್ನಡಿ ಹಿಡಿದು ನೋಡಿದರೆ ಒಂದೊಂದು ಬೋಲ್ಟೂ ಕಾಣುತ್ತದೆ. ಎರಕದ ಕಬ್ಬಿಣದ ಕಂಬಗಳನ್ನು ಅಡ್ಡಪಟ್ಟಿಗಳಿಂದ ಬಿಗಿಯಲು ಕಂಬಕ್ಕೇ ಕಿವಿಗಳಂತೆ ಎರಕ ಹೊಯ್ದಿದ್ದರು. ಆ ಕಿವಿಗಳು ಹರಿದುಹೋದದ್ದು ಚಿತ್ರಗಳಲ್ಲಿ ಸ್ಪಷ್ಟವಾಗಿದೆ. ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಲೋಹತಜ್ಞರು ಅವೇ ಚಿತ್ರಗಳನ್ನು ಹಿಗ್ಗಿಸಿ ಮತ್ತೆ ಪರಿಶೀಲಿಸಿದರು. ಸಾಕ್ಷಿಗಳೆಲ್ಲ ಸತ್ತುಹೋದ ಮೇಲೂ ಒಂದು ಸಾಕ್ಷಿ ಮಾತನಾಡಲು ಉಳಿದಿತ್ತು.

ಆದರೆ ಚಿತ್ರ ಹೇಳಲಾರದ ಮಾತನ್ನು ಕೂಲಿಕಾರರು ಹೇಳಿದರು. ಎರಕದ ಕಬ್ಬಿಣದಲ್ಲಿ ಗಾಳಿ ಸಿಕ್ಕಿಕೊಂಡು ತೂತು ಬಿದ್ದಾಗ ಅಂಥ ಕಂಬವನ್ನು ಒಡೆದುಹಾಕಬೇಕಾಗಿತ್ತು. ಎರಕದ ಶಾಲೆಯಲ್ಲಿ ಆ ತೂತುಗಳಿಗೆ ಜೇನುಮೇಣ, ರಾಳ, ಕಬ್ಬಿಣದ ಪುಡಿ, ದೀಪದ ಮಸಿ ಕಲಸಿದ ಒಂದು ಲೇಪವನ್ನು ಮೆತ್ತಿ, ಉಜ್ಜಿ, ಕಬ್ಬಿಣದಂತೆಯೇ ಕಾಣಿಸುತ್ತಿದ್ದರೆಂದು ಕೆಲಸಗಾರರು ಸಾಕ್ಷಿ ಹೇಳಿದರು. ಆ ಲೇಪಕ್ಕೆ ಅವರ ಭಾಷೆಯಲ್ಲಿ ‘ಬ್ಯೂಮಾಂಟನ ಮೊಟ್ಟೆ’ ಎಂದು ಹೆಸರು. ಕಾಗದಕ್ಕೆ ಮೊಟ್ಟೆ ಸವರಿದರೆ ನಿಜ ಮಿರುಗುತ್ತದೆ, ಕಬ್ಬಿಣಕ್ಕೆ ಈ ಮೊಟ್ಟೆ ಸವರಿದರೆ ಸುಳ್ಳು ಮಿರುಗುತ್ತದೆ ಎಂದು ನಮ್ಮ ಹುಡುಗರು ನಕ್ಕರು. ಸೇತುವೆಗೆ ಬಣ್ಣ ಬಳಿಯುತ್ತಿದ್ದವರೂ ಗಾಡಿ ಹೋಗುವಾಗ ಸೇತುವೆ ನಡುಗುತ್ತಿತ್ತೆಂದು ಸಾಕ್ಷಿ ಹೇಳಿದರು. ಅದುವರೆಗೆ ಅವರನ್ನು ಯಾರೂ ಕೇಳಿರಲಿಲ್ಲ. ಚಿತ್ರಗಳಲ್ಲಿ ಹೊಗೆಯಂತೆ ಮಾಯವಾಗುತ್ತಿದ್ದ ಈ ಜನ ವಿಚಾರಣೆಯ ಕಟಕಟೆಯಲ್ಲಿ ನಿಂತಾಗ, ಮುರಿದ ಕಬ್ಬಿಣದ ಚಿತ್ರಕ್ಕೆ ಅರ್ಥ ಬಂದಿತು. ಸೇತುವೆಯ ವಿನ್ಯಾಸ, ಕಟ್ಟೋಣ, ಪಾಲನೆ ಮೂರರಲ್ಲೂ ದೋಷವಿತ್ತೆಂದು ತೀರ್ಪಾಯಿತು. ಬೌಚ್ 1880ರಲ್ಲಿ ತೀರಿಕೊಂಡರು. ಫೋರ್ತ್ ಕೊಲ್ಲಿಗೆ ಅವರು ಸಿದ್ಧಪಡಿಸಿದ್ದ ತೂಗುಸೇತುವೆಯ ಯೋಜನೆಯೂ ರದ್ದಾಯಿತು.

ಆ ಫೋರ್ತ್ ಕೊಲ್ಲಿಗೆ ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್ ಬೇರೊಂದು ಸೇತುವೆಯನ್ನು ರೂಪಿಸಿದರು. ಗುತ್ತಿಗೆಯನ್ನು ನಡೆಸಿದವರು ವಿಲಿಯಂ ಆರಲ್. ಟೇ ಸೇತುವೆಯಿಂದ ಬೆದರಿದ್ದ ಜನ ಯಾವ ಹೊಸ ಸೇತುವೆಯನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಇದು ಗಟ್ಟಿಯಾಗಿದ್ದರೆ ಸಾಲದು, ಗಟ್ಟಿಯೆಂದು ಕಣ್ಣಿಗೆ ಕಾಣಲೂ ಬೇಕಾಗಿತ್ತು. 1890ರ ಮಾರ್ಚ್ 4ರಂದು ಅದು ತೆರೆದಾಗ ನಡುವಿನ ಎರಡು ಹಾರುಗಳು ಒಂದೊಂದೂ 1,710 ಅಡಿ, ಅಂದರೆ 521 ಮೀಟರು. ಆಗ ಲೋಕದಲ್ಲೇ ಅತಿ ಉದ್ದ. ಸುಮಾರು 54,000 ಟನ್ ಉಕ್ಕು, 65 ಲಕ್ಷ ರಿವೆಟ್ಟುಗಳು. ಕೆಲಸ ಬಿರುಸಾಗಿದ್ದಾಗ ದಿನಕ್ಕೆ 4,600ರಷ್ಟು ಜನ ದುಡಿಯುತ್ತಿದ್ದರು.

ಇಲ್ಲಿ ಚಿತ್ರ ತೆಗೆದವರು ಹೊರಗಿನವರಲ್ಲ. ಈವ್ಲಿನ್ ಕೇರಿ ಎಂಬ ತರುಣ ಎಂಜಿನಿಯರು ಆ ಸೇತುವೆಯ ಕೆಲಸದಲ್ಲೇ ಇದ್ದವರು. ಏಳೆಂಟು ವರ್ಷಗಳ ಕಾಲ ಅವರು ಅಡಿಪಾಯದಿಂದ ಹಿಡಿದು 361 ಅಡಿ ಎತ್ತರದ ಗೋಪುರದ ತುದಿಯವರೆಗೆ ಕ್ಯಾಮೆರಾ ಹೊತ್ತು ತಿರುಗಿದರು. ಅಷ್ಟು ಹೊತ್ತಿಗೆ ಕಾಲವೂ ಬದಲಾಗಿತ್ತು. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಎಂಬ ವೈದ್ಯರು ಜೆಲಾಟಿನ್ ಬಳಸಿ ಒಣ ಗಾಜಿನ ದಾರಿಯನ್ನು ತೋರಿಸಿದ್ದರು. ಹತ್ತು ವರ್ಷಗಳೊಳಗೆ ಅಂಥ ಗಾಜು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಅಂಗಡಿಗೆ ಬಂದಿತು. ಕತ್ತಲೆಯ ಡೇರೆ ಬೇಕಿಲ್ಲ, ಬೆಳಕಿಗೆ ಬಹಳ ಹೊತ್ತು ಕಾಯಬೇಕಿಲ್ಲ. ಈ ಬದಲಾವಣೆಯ ಫಲವನ್ನು ಕೇರಿಯವರ ಚಿತ್ರಗಳಲ್ಲಿ ನೋಡಬೇಕು. ಆನೆ ನುಗ್ಗುವಷ್ಟು ಅಗಲದ, ಹನ್ನೆರಡು ಅಡಿ ವ್ಯಾಸದ ಉಕ್ಕಿನ ಕೊಳವೆಗಳ ಮೇಲೆ, ಹಗ್ಗದ ಅಟ್ಟಣಿಗೆಗಳ ಮೇಲೆ, ಕೆಳಗೆ ಕಡಲಿರುವಲ್ಲಿ, ಟೊಪ್ಪಿಗೆಯ ಕೂಲಿಕಾರರು ಕಾಣಿಸಿಕೊಳ್ಳುತ್ತಾರೆ. ಕೊಳವೆ ಎಷ್ಟು ದೊಡ್ಡದೆಂದು ತೋರಿಸಲು ಅಳತೆಗೋಲಿನಂತೆ ನಿಲ್ಲಿಸಿದವರೂ ಅವರಲ್ಲಿ ಇದ್ದಾರೆ. ಅಳತೆಗಾಗಿ ನಿಂತವರಿಗೂ ಮುಖವಿದೆ, ಮೀಸೆಯಿದೆ, ಕೆಲವರಿಗೆ ಹುಸಿನಗೆಯೂ ಇದೆ.

ಕೇರಿಯವರು ತೆಗೆದ ಚಿತ್ರಗಳಲ್ಲಿ ಒಂದನ್ನು ನಮ್ಮ ವಿಜ್ಞಾನದ ಗುರುಗಳು ತುಂಬ ಇಷ್ಟಪಡುತ್ತಾರೆ. 1887ರಲ್ಲಿ ಬೇಕರ್ ಅವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸ ಮಾಡುವಾಗ ಸೇತುವೆಯ ತತ್ವವನ್ನು ಸಾಮಾನ್ಯರಿಗೆ ತಿಳಿಸಲು ಈ ಮಾದರಿಯನ್ನು ಬಳಸಿದರು. ಇಬ್ಬರು ಕುರ್ಚಿಗಳ ಮೇಲೆ ಕುಳಿತು ಎರಡೂ ತೋಳು ಚಾಚಿದ್ದಾರೆ. ಅವರ ಕೈಯಲ್ಲಿ ಕೋಲುಗಳು. ಕೋಲುಗಳ ಬುಡ ಕುರ್ಚಿಗೆ ಒತ್ತಿಕೊಂಡಿವೆ. ಇಬ್ಬರ ನಡುವೆ, ಕೋಲುಗಳ ತುದಿಗೆ ತೂಗಿಬಿಟ್ಟ ಹಲಗೆಯ ಮೇಲೆ ಮೂರನೆಯವನು ಕುಳಿತಿದ್ದಾನೆ. ಆಚೀಚಿನ ತುದಿಗಳಿಗೆ ಇಟ್ಟಿಗೆಯ ರಾಶಿಗಳ ಭಾರ. ತೋಳುಗಳು ಎಳೆತವನ್ನು ತಡೆಯುತ್ತವೆ, ಕೋಲುಗಳು ಒತ್ತಡವನ್ನು. ಕುಳಿತವರ ಹಿಂದಿನ ಗೋಡೆಯ ಮೇಲೆ ಸೇತುವೆಯ ನಕ್ಷೆ. ನಡುವೆ ಕುಳಿತವರು ಕೈಚಿ ವತನಾಬೆ, ಜಪಾನಿನಿಂದ ಬಂದು ಗ್ಲಾಸ್ಗೋದಲ್ಲಿ ಓದಿ ಈ ಸೇತುವೆಯಲ್ಲಿ ಕೆಲಸ ಕಲಿಯುತ್ತಿದ್ದ ತರುಣ. ಹೀಗೆ ಚಾಚುತೋಳಿನ ಸೇತುವೆ ಕಟ್ಟುವ ಕಲ್ಪನೆ ಪೂರ್ವದೇಶಗಳಲ್ಲಿ ಹಳೆಯದು. ಆ ಋಣವನ್ನು ನೆನಪಿಸಲು ಅವರನ್ನು ನಡುವೆ ಕೂಡಿಸಿದರೆಂದು ಹೇಳುತ್ತಾರೆ. ಕಳೆದ ವಿಜ್ಞಾನ ದಿನದಂದು ನಮ್ಮ ಮಕ್ಕಳು ಶಾಲೆಯ ಕುರ್ಚಿಗಳು ಮತ್ತು ಬಿದಿರುಕೋಲುಗಳಿಂದ ಇದನ್ನೇ ಮಾಡಿ ತೋರಿಸಿದರು. ಐದನೆಯ ತರಗತಿಯ ಅತಿ ಸಣ್ಣ ಹುಡುಗಿ ನಡುವಿನ ಹಲಗೆಗಾಗಿ ಜಗಳವಾಡಿ ಗೆದ್ದಳು. ಒಂದು ಪುಟದ ಪಾಠ ಮಾಡದ ಕೆಲಸವನ್ನು ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಚಿತ್ರ ಅಂದು ಮಾಡಿತು.

ಸೇತುವೆಯ ಕೊನೆಯ ರಿವೆಟ್ಟನ್ನು ವೇಲ್ಸಿನ ರಾಜಕುಮಾರ ಬಿಗಿದ. ಅದಕ್ಕೆ ಚಿನ್ನದ ನೀರು ಕುಡಿಸಿದ್ದರು. ಮಿಕ್ಕವುಗಳನ್ನು ಬಿಗಿದವರ ಜೊತೆಗೆ ರಿವೆಟ್ಟು ಕಾಯಿಸಿ ಕೊಡುವ ಹುಡುಗರಿದ್ದರು, ಹದಿಹರೆಯದ ಹುಡುಗರು, ಇಲ್ಲಿ ಮುಂದೆ ಕುಳಿತಿರುವ ನಮ್ಮ ಎಂಟು ಒಂಬತ್ತನೆಯ ತರಗತಿಯ ವಯಸ್ಸಿನವರು. ಕೆಲಸದಲ್ಲಿ ಸತ್ತವರು 57 ಎಂದು ನೂರು ವರ್ಷ ಬರೆಯುತ್ತ ಬಂದರು. ಈ ಶತಮಾನದಲ್ಲಿ ಆ ಊರಿನ ಇತಿಹಾಸಾಸಕ್ತರು ಹಳೆಯ ಕಾಗದಪತ್ರಗಳನ್ನು ಹುಡುಕಿ ಹುಡುಕಿ 73 ಹೆಸರುಗಳನ್ನು ಒಟ್ಟುಗೂಡಿಸಿದರು. ಅವರು ಉಪಾಧ್ಯಾಯರೋ ನಿವೃತ್ತರೋ ನಮಗೆ ಮುಖ್ಯವಲ್ಲ. ಊರಿನವರು, ಅಷ್ಟೇ. ಸತ್ತವರಿಗಾಗಿ ಕೊಲ್ಲಿಯ ಎರಡೂ ದಡಗಳಲ್ಲಿ ಸ್ಮಾರಕಗಳು ನಿಂತಿವೆ.

ಇನ್ನು ನಮ್ಮ ಊರಿನ ಹಳಿಗೆ ಬರೋಣ. ತಮ್ಮಲ್ಲಿ ಅನೇಕರು ಇಂದು ಬೆಳಿಗ್ಗೆ ರೈಲಿನಲ್ಲೇ ಬಂದಿರಿ. ಮುಂಬಯಿಯಿಂದ ಹೊರಟ ಈ ಹಳಿ 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. ಅಕ್ಕಲಕೋಟೆ ರೋಡ್, ಕಲಬುರ್ಗಿಗಳನ್ನು ಹಾದು, ಕೃಷ್ಣೆಯನ್ನು ದಾಟಿ, 1871ರಲ್ಲಿ ರಾಯಚೂರು ಸೇರಿ ಮದ್ರಾಸಿನ ಹಳಿಯೊಡನೆ ಕೂಡಿತು. ಆದರೆ ಹಳಿ ಸೊಲ್ಲಾಪುರಕ್ಕೆ ಬಂದಾಗ ನಡುವೆ ಒಂದು ದೊಡ್ಡ ಕೊರತೆಯಿತ್ತು. ಬೋರ್ ಘಾಟಿನ ಬೆಟ್ಟವನ್ನು ರೈಲು ಇನ್ನೂ ಏರಿರಲಿಲ್ಲ. ಮುಂಬಯಿಯ ಪ್ರಯಾಣಿಕರು ಘಾಟಿನ ಬುಡದಲ್ಲಿ ಇಳಿದು, ಪಲ್ಲಕ್ಕಿಯಲ್ಲೋ ತಟ್ಟುವಿನ ಮೇಲೋ ಕಾಲ್ನಡಿಗೆಯಲ್ಲೋ ಮೇಲೆ ಹತ್ತಿ, ಖಂಡಾಳೆಯಲ್ಲಿ ಮತ್ತೆ ಗಾಡಿ ಹಿಡಿಯಬೇಕಾಗಿತ್ತು.

ಆ ಘಾಟಿನ ದಾರಿ ಸುಮಾರು 25 ಕಿಲೋಮೀಟರು ಉದ್ದ; ಏರಬೇಕಾದ ಎತ್ತರ 1,831 ಅಡಿ. ಅದಕ್ಕಾಗಿ 25 ಸುರಂಗಗಳನ್ನು ಕೊರೆದರು, ಕಣಿವೆಗಳಿಗೆ 8 ಕಲ್ಲಿನ ಕಮಾನುಸೇತುವೆಗಳನ್ನು ಕಟ್ಟಿದರು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಖ್ಯ ಎಂಜಿನಿಯರು ಜೇಮ್ಸ್ ಬರ್ಕ್ಲಿ. ಮೊದಲ ಗುತ್ತಿಗೆದಾರ ಕೆಲಸ ಅರ್ಧಕ್ಕೆ ಬಿಟ್ಟುಹೋದ ಮೇಲೆ 1859ರಲ್ಲಿ ಸಾಲೊಮನ್ ಟ್ರೆಡ್‌ವೆಲ್ ಎಂಬವರು ಇಂಗ್ಲೆಂಡಿನಿಂದ ಬಂದರು. ಬಂದ ಕೆಲವೇ ವಾರಗಳಲ್ಲಿ ರೋಗಕ್ಕೆ ತುತ್ತಾಗಿ ತೀರಿಕೊಂಡರು. ಅವರ ಪತ್ನಿ ಆಲಿಸ್ ಟ್ರೆಡ್‌ವೆಲ್ ಊರಿಗೆ ಮರಳಿಹೋಗಬಹುದಾಗಿತ್ತು. ಆಕೆ ಗುತ್ತಿಗೆಯನ್ನು ತಮ್ಮ ಹೆಸರಿನಲ್ಲೇ ಮುಂದುವರಿಸಿದರು. ಅನುಭವಿಗಳಾದ ಇಬ್ಬರು ಎಂಜಿನಿಯರರನ್ನು ಮುಂದಿಟ್ಟುಕೊಂಡು 1863ರಲ್ಲಿ ಕೆಲಸ ಮುಗಿಸಿಕೊಟ್ಟರು. ಆ ಕಟ್ಟೋಣದ ಛಾಯಾಚಿತ್ರಗಳನ್ನೂ ತೆಗೆದರು. ಈ ಸಭೆಯಲ್ಲಿ ಅರ್ಧಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದಾರೆ. ಅವರು ಈ ಹೆಸರನ್ನು ಕೇಳಿರಲಿ ಎಂಬ ಆಸೆಯಿಂದ ಸ್ವಲ್ಪ ನಿಧಾನವಾಗಿ ಹೇಳಿದೆವು.

ಆದರೆ ಮೆಚ್ಚುಗೆಯ ಭರದಲ್ಲಿ ಮೊದಲಿನ ಪ್ರಶ್ನೆಯನ್ನು ಮರೆಯಬಾರದು. ಘಾಟಿನ ಕೆಲಸದಲ್ಲಿ 1861ರಲ್ಲಿ 42,000 ಜನ ದುಡಿಯುತ್ತಿದ್ದರು. ಗಂಡಸರು, ಹೆಂಗಸರು, ಮಕ್ಕಳು, ಸಂಸಾರ ಸಂಸಾರವೇ ಬೆಟ್ಟದಲ್ಲಿ ಬೀಡುಬಿಟ್ಟಿತ್ತು. ಕಾಲರಾ ಮುಂತಾದ ರೋಗಗಳಿಂದ, ಸಿಡಿಮದ್ದಿನಿಂದ, ಜಾರಿಬಿದ್ದು ಸತ್ತವರು ಸಾವಿರಾರು. ದೇಶದ ರೈಲುಮಾರ್ಗಗಳ ಮಣ್ಣು ಕೆಲಸದಲ್ಲಿ ವಡ್ಡರ ಸಮಾಜದವರ ನೈಪುಣ್ಯವನ್ನು ಆ ಕಾಲದ ಎಂಜಿನಿಯರರೇ ಬರೆದಿಟ್ಟಿದ್ದಾರೆ. ಸಮಾಜದ ಹೆಸರು ಸಿಗುತ್ತದೆ, ಒಬ್ಬೊಬ್ಬರ ಹೆಸರು ಸಿಗುವುದಿಲ್ಲ. ಫೋರ್ತ್ ಸೇತುವೆಯ 73 ಹೆಸರುಗಳನ್ನು ಹುಡುಕಿ ತೆಗೆಯಲು ಅಲ್ಲಿನ ಊರಿಗೆ ಕಾಗದಪತ್ರಗಳಾದರೂ ಇದ್ದವು. ಬೋರ್ ಘಾಟಿನ ಬುಟ್ಟಿ ಹೊತ್ತ ತಾಯಂದಿರ ಹೆಸರುಗಳನ್ನು ಯಾವ ಕಾಗದದಲ್ಲಿ ಹುಡುಕೋಣ? ಘಾಟು ಹತ್ತುವಾಗ ಕಿಟಕಿಯ ಬಳಿ ಕುಳಿತು ಸುರಂಗಗಳನ್ನು ಎಣಿಸುವ ನಮ್ಮ ಮಕ್ಕಳಿಗೆ ಇದೊಂದು ಮಾತನ್ನು ಹೇಳದಿದ್ದರೆ ಇತಿಹಾಸದ ಪಾಠ ಪೂರ್ತಿಯಾಗದೆಂದು ನಮ್ಮ ಭಾವನೆ.

ಈಗ ಈ ಸಭಾಭವನದ ಗೋಡೆಗಳನ್ನು ನೋಡಿರಿ. ಹಳೆಯ ವಿದ್ಯಾರ್ಥಿಗಳ ಮನೆಗಳಿಂದ, ಕಚೇರಿಯ ಕಪಾಟಿನಿಂದ, ದೇವರ ಕೋಣೆಯ ಪಟಗಳ ಹಿಂದಿನಿಂದ ಸಂಗ್ರಹಿಸಿದ ನಮ್ಮ ಶಾಲೆಯ ಚಿತ್ರಗಳು ಇಲ್ಲಿವೆ. ಮೊದಮೊದಲಿನ ಚಿತ್ರಗಳಲ್ಲಿ ನಡುವೆ ಕುರ್ಚಿಗಳ ಮೇಲೆ ಕುಳಿತ ಹಿರಿಯರ ಹೆಸರುಗಳು ರಟ್ಟಿನ ಮೇಲೆ ಅಂದವಾಗಿ ಅಚ್ಚಾಗಿವೆ. ಜಮಖಾನೆಯ ಮೇಲೆ ಕುಳಿತ ಮಕ್ಕಳ ಹೆಸರುಗಳಿಲ್ಲ. ಹಿಂದಿನ ಸಾಲಿನ ತುದಿಯಲ್ಲಿ ಗಂಟೆಯ ಸುತ್ತಿಗೆಯನ್ನು ಕೈಯಲ್ಲೇ ಹಿಡಿದು ನಿಂತ ಸಿಪಾಯಿಯ ಹೆಸರಿಲ್ಲ. ಒಂದು ಚಿತ್ರದಲ್ಲಿ ಎರಡನೆಯ ಸಾಲಿನ ಹುಡುಗನೊಬ್ಬ ಆ ಗಳಿಗೆಯಲ್ಲಿ ಪಕ್ಕದವನ ಕಡೆಗೆ ತಿರುಗಿದ್ದರಿಂದ ಅವನ ಮುಖವೇ ಕಲಸಿಹೋಗಿದೆ. ಅವನೂ ಇಲ್ಲಿ ಕನ್ನಡದ ಅಕ್ಷರ ತಿದ್ದಿದವನು. ಈ ಕಟ್ಟಡಕ್ಕೆ ಕಲ್ಲು ಹೊತ್ತವರ ಚಿತ್ರವಂತೂ ಒಂದೂ ದೊರೆಯಲಿಲ್ಲ.

ಪಾಲಕರಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಗಡಿಯ ಈಚೆಗೆ ಕನ್ನಡ ಶಾಲೆಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಅಣ್ಣ ಇಲ್ಲಿ ಓದಿದ್ದರೆ ತಂಗಿ ಬೇರೆ ಮಾಧ್ಯಮದ ಬಸ್ಸು ಹತ್ತುತ್ತಾಳೆ. ತಮ್ಮ ಕಷ್ಟ ನಮಗೆ ಗೊತ್ತು, ದೂರುವ ಅಧಿಕಾರ ನಮಗಿಲ್ಲ. ಆದರೆ ಕೀವ್ ನಗರದ ಸೇತುವೆಯ ಚಿತ್ರವನ್ನು ನೋಡುವಾಗಲೆಲ್ಲ ನಮಗೆ ಹೆಮ್ಮೆಗಿಂತ ಹೆಚ್ಚಾಗಿ ಒಂದು ಅಂಜಿಕೆಯೇ ಆಗುತ್ತದೆ. ಚಿತ್ರ ಚೆನ್ನಾಗಿ ಉಳಿದಿದೆ, ಆದರೆ ಅದರ ಮೇಲೆ ಈಗ ಯಾರೂ ಹೊಳೆ ದಾಟುತ್ತಿಲ್ಲ. ಈ ಗೋಡೆಯ ಮೇಲೆ ಮುಂದಿನ ವರ್ಷದ ಒಂದನೆಯ ತರಗತಿಯ ಚಿತ್ರಕ್ಕೆಂದು ಒಂದು ಚೌಕಟ್ಟನ್ನು ಬರಿದಾಗಿಯೇ ತೂಗುಹಾಕಿದ್ದೇವೆ. ಪ್ರವೇಶ ಅರ್ಜಿಗಳು ಕಚೇರಿಯಲ್ಲಿ ಸಿಗುತ್ತವೆ.

ಇನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಪ್ರತಿಯೊಂದು ಚಿತ್ರದ ಕೆಳಗೂ ಒಂದು ಅಂಕಿ ಬರೆದ ಚೀಟಿಯಿದೆ. ಬಾಗಿಲ ಬಳಿಯ ಮೇಜಿನ ಮೇಲೆ ಅದೇ ಅಂಕಿಗಳ ಒಂದು ದೊಡ್ಡ ನೋಟುಪುಸ್ತಕವಿದೆ. ತಮ್ಮನ್ನು ತಾವು ಗುರುತಿಸಿದರೆ ಬರೆಯಿರಿ. ಪಕ್ಕದಲ್ಲಿ ಕುಳಿತ ಗೆಳೆಯನ ಹೆಸರನ್ನು, ಅವನ ಊರನ್ನು, ಅಡ್ಡಹೆಸರು ಮಾತ್ರ ನೆನಪಿದ್ದರೆ ಅದನ್ನಾದರೂ ಬರೆಯಿರಿ. ಸಿಪಾಯಿಯವರ ಹೆಸರು ಬಲ್ಲವರು ದಯವಿಟ್ಟು ಬರೆಯದೆ ಹೋಗಬಾರದು. ಕನ್ನಡಕ ಮರೆತು ಬಂದ ಹಿರಿಯರಿಗಾಗಿ ಪ್ರಯೋಗಾಲಯದ ಭೂತಗನ್ನಡಿಗಳನ್ನು ತಂದಿಟ್ಟಿದ್ದೇವೆ. ಬರೆಯಲು ಕೈ ನಡುಗುವವರು ಬಾಯಲ್ಲಿ ಹೇಳಿದರೆ ಸಾಕು, ಹತ್ತನೆಯ ತರಗತಿಯ ಹುಡುಗಿಯರು ಬರೆದುಕೊಳ್ಳುತ್ತಾರೆ. ಊಟದ ಪಂಕ್ತಿ ಒಂದು ಗಂಟೆಗೆ. ಅದುವರೆಗೆ ಮೇಜಿನ ಬಳಿ ಅವರು ಇರುತ್ತಾರೆ.